ಮೂಗಿಲ್ಲದೆ ಹುರಿದ ಮಸಾಲೆ

ಸಿಡ್ನಿಯ ಹೊರವಲಯದ ಟೂಂಗಾಬಿಯ ಇಂಡಿಯನ್ ಅಂಗಡಿಯವರಿಗೆ ಒಂದು ಕಾಲದಲ್ಲಿ ಕುಸುಮಾವತಿಯವರ ಮೂಗೆಂದರೆ ನಡುಕವಿತ್ತು. ಮನೆಗೆ ಒಯ್ದ ತೆಂಗಿನೆಣ್ಣೆಯ ಡಬ್ಬಿಯನ್ನು ಅರ್ಧ ಗಂಟೆಯಲ್ಲೇ ವಾಪಸು ತಂದು ಕೌಂಟರಿನ ಮೇಲಿಟ್ಟು, ತಮ್ಮ ಒಡಕು ಹಿಂದಿಯಲ್ಲಿ "ಇದು ಕಮಟು, ಬೇರೆ ಕೊಡಿ" ಎನ್ನುತ್ತಿದ್ದರು. ಅಂಗಡಿಯವನು ಮೂಸಿ ನೋಡಿ ಏನೂ ಇಲ್ಲವಲ್ಲ ಎಂದು ವಾದಕ್ಕಿಳಿದರೆ, ಇನ್ನೊಂದು ವಾರ ಬಿಟ್ಟು ನೀನೇ ಮೂಸು ಎಂದು ಡಬ್ಬಿ ಬಿಟ್ಟು ಬರುತ್ತಿದ್ದರು. ವಾರದ ನಂತರ ಅವನೇ ಸೋತು ಹೊಸ ಡಬ್ಬಿ ಕೊಡುತ್ತಿದ್ದ.

ಆ ಮೂಗು ಹೋಗಿ ಎರಡು ವರ್ಷವಾಗಿತ್ತು. ಒಂದು ಚಳಿಗಾಲದಲ್ಲಿ ಬಂದ ಜ್ವರ ನಾಲ್ಕು ದಿನ ಕಾಡಿ ಬಿಟ್ಟುಹೋಯಿತು; ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು, ಅಷ್ಟೇ. ಮಲ್ಲಿಗೆಯೂ ಒಂದೇ, ಫಿನಾಯಿಲೂ ಒಂದೇ. ಡಾಕ್ಟರು ಕೆಲವರಿಗೆ ವಾಪಸು ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು. ಇಷ್ಟು ಹೇಳಲು ಅಷ್ಟು ಓದಬೇಕಿತ್ತೇ ಎಂದು ಕುಸುಮಾವತಿಯವರಿಗೆ ಅನಿಸಿತು.

ಅವರು ಇದನ್ನು ಯಾರಿಗೂ ಹೇಳಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವರಿಗೆ ವೃದ್ಧರ ಆರೈಕೆ ಕೇಂದ್ರವೊಂದರ ಅಡುಗೆಮನೆಯಲ್ಲಿ ಕೆಲಸ. ಅಲ್ಲಿಯ ಅಡುಗೆಗೆ ಮೂಗು ಬೇಡ, ಥರ್ಮಾಮೀಟರ್ ಸಾಕು. ಆದರೆ ಹಾಲು ಕೆಟ್ಟಿದೆಯೇ, ಕೋಳಿ ತಾಜಾ ಇದೆಯೇ ಎಂದು ನೋಡುವುದಕ್ಕೆ ಮೂಗು ಬೇಕಲ್ಲ! ಅದಕ್ಕೆ ಜೊತೆಯಲ್ಲಿ ಕೆಲಸ ಮಾಡುವ ಗದಗಿನ ಮಲ್ಲವ್ವ ಇದ್ದಳು. ಎರಡನೆಯ ವಾರದಲ್ಲೇ ಅವಳಿಗೆ ವಿಷಯ ಗೊತ್ತಾಗಿ ಹೋಗಿತ್ತು. ಅಂದಿನಿಂದ ಪ್ರತಿ ಬೆಳಿಗ್ಗೆ ಹಾಲು, ಮಾಂಸ ಎಲ್ಲವನ್ನೂ ತಾನೇ ಮೂಸಿ, ಸರಿಯಿದ್ದರೆ ತಲೆಯಾಡಿಸುತ್ತಿದ್ದಳು. ಮೇಲಿನವರ ಕಿವಿಗೆ ಒಂದು ಮಾತು ಹಾಕಲಿಲ್ಲ. "ನಂದೇನ್ರಿ ಅಕ್ಕಾರ, ಮೂಗೇನ್ ಸವಿತೈತಿ? ಆದ್ರ ಮಗಳಿಗರ ಹೇಳ್ರಿ" ಎಂದು ಮಾತ್ರ ವಾರಕ್ಕೊಮ್ಮೆ ಗೊಣಗುತ್ತಿದ್ದಳು. ಅವಳಿಲ್ಲದಿದ್ದರೆ ತಮ್ಮ ಕೆಲಸ ಎಂದೋ ಹೋಗುತ್ತಿತ್ತು ಎಂದು ಕುಸುಮಾವತಿಯವರು ಇಂದಿಗೂ ಕೈಮುಗಿದು ಹೇಳುತ್ತಾರೆ.

ಮನೆಯಲ್ಲಂತೂ ಗುಟ್ಟು ಕಾಯುವುದು ಸುಲಭವಿತ್ತು. ಸಿಡ್ನಿಯಲ್ಲಿ ಬಸ್ ಓಡಿಸಿ ನಿವೃತ್ತರಾದ ಗಂಡ ಕಮಲಾಕ್ಷರಿಗೆ ಸಾರಿನಲ್ಲಿ ಉಪ್ಪು ಕಡಿಮೆಯಾದರೂ ಗೊತ್ತಾಗದು, ಹೆಚ್ಚಾದರೂ ಗೊತ್ತಾಗದು. ಬಿಸಿಯಿದ್ದರೆ ಆಯಿತು.

ಕಷ್ಟವಿದ್ದದ್ದು ಮಗಳು ದೀಕ್ಷಿತಾಳ ವಿಷಯದಲ್ಲಿ. ಅವಳು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಗಂಡ ಪ್ರತಾಪ್ ಮತ್ತು ಐದು ವರ್ಷದ ಮಗಳು ಆದ್ಯಾಳೊಂದಿಗೆ ಇದ್ದಳು. ಅಳಿಯ ಮೈಸೂರಿನವನಾದ್ದರಿಂದ ಆ ಮನೆಯಲ್ಲಿ ತವರಿನ ತುಳು ಹಿಂದೆ ಸರಿದು ಕನ್ನಡ ಮುಂದೆ ಬಂದಿತ್ತು. ಇನ್ಶೂರೆನ್ಸ್ ಕಂಪನಿಯ ಕೆಲಸ ಬಿಟ್ಟು ಟಾರ್ನೀಟ್‌ನಲ್ಲೇ ಊರಿನ ಊಟದ ಸಣ್ಣ ಅಂಗಡಿ ಇಡಬೇಕೆಂಬುದು ದೀಕ್ಷಿತಾಳ ಆಸೆ. ನೀರುದೋಸೆ, ತೆಂಗಿನಕಾಯಿ ಮಸಾಲೆಯ ಕೋಳಿ ಗಸಿ, ಅಕ್ಕಿಯ ಪುಂಡಿ ಕಡುಬು. ಎಲ್ಲವೂ ಅಮ್ಮನ ಕೈರುಚಿಯಲ್ಲಿ. "ಅಮ್ಮ, ನೀನು ರುಚಿ ನೋಡಿ ಓಕೆ ಅಂದ್ರೆ ಮಾತ್ರ ಮೆನುಗೆ ಹಾಕೋದು. ನಿನ್ನ ಟೇಸ್ಟೇ ನಮ್ಮ ಬಿಸಿನೆಸ್ಸು" ಎಂದು ಅವಳು ಫೋನಿನಲ್ಲಿ ಹೇಳಿದಾಗ, ಕುಸುಮಾವತಿಯವರು ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ.

ಅದಕ್ಕೆ ಕಾರಣ ಇಪ್ಪತ್ತೈದು ವರ್ಷ ಹಳೆಯದು. ದೀಕ್ಷಿತಾಳಿಗೆ ಎಂಟು ವರ್ಷವಾಗಿದ್ದಾಗ ಕುಸುಮಾವತಿಯವರು ಬೆಳಿಗ್ಗೆ ಮನೆಯಲ್ಲಿ ಮಸಾಲೆ ಹುರಿದಿಟ್ಟು, ಕೆಲಸ ಮುಗಿಸಿ, ಹಾಗೆಯೇ ಶಾಲೆಯ ಗೇಟಿಗೆ ಹೋಗುತ್ತಿದ್ದರು. ಒಂದು ದಿನ ಯಾವಳೋ ಸಹಪಾಠಿ ಮೂಗು ಹಿಡಿದುಕೊಂಡಳು. ಮರುದಿನ ಮಗಳು ತಲೆತಗ್ಗಿಸಿ, ನಾಳೆಯಿಂದ ಗೇಟಿನ ಹತ್ತಿರ ಬೇಡ, ಆಚೆ ಪೋಸ್ಟ್ ಬಾಕ್ಸಿನ ಹತ್ತಿರ ನಿಲ್ಲು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕುಸುಮಾವತಿಯವರು ಅಂದಿನಿಂದ ಕಾರಿನಲ್ಲಿ ಒಗೆದ ಕುರ್ತಾ ಒಂದನ್ನು ಇಟ್ಟುಕೊಂಡರು. ಕೈಗೆ ನಿಂಬೆ ಉಜ್ಜಿಕೊಂಡು, ಬಟ್ಟೆ ಬದಲಾಯಿಸಿ, ಪೋಸ್ಟ್ ಬಾಕ್ಸಿನ ಪಕ್ಕ ನಿಂತರು. ಮಗಳು ದೊಡ್ಡವಳಾದರೂ ಆ ಅಭ್ಯಾಸ ಹೋಗಲಿಲ್ಲ. ಅಂಥ ಮಗಳು ಈಗ ತಾನಾಗಿ ಬಂದು ನಿನ್ನ ಅಡುಗೆ ಬೇಕು ಎನ್ನುತ್ತಿದ್ದಾಳೆ. ಆ ಮಾತಿಗೆ ಇಲ್ಲವೆನ್ನಲು ಯಾವ ತಾಯಿಗೆ ನಾಲಿಗೆ ಏಳುತ್ತದೆ?

ಮಾತು ಮುಂದುವರಿಯಿತು. ದೀಕ್ಷಿತಾ ಆಫೀಸಿಗೆ ನೋಟಿಸ್ ಕೊಟ್ಟಳು. ಅಂಗಡಿ ಗೊತ್ತಾಯಿತು. ಲೀಸ್‌ಗೆ ಸಹಿ ಹಾಕುವ ಸೋಮವಾರವೂ ನಿಶ್ಚಯವಾಯಿತು. ಅದಕ್ಕೂ ಮೊದಲು ಒಂದು ವಾರ ತಾಯಿ ಮಗಳು ಇಬ್ಬರೇ ಫ್ರಾನ್ಸಿಗೆ ಹೋಗಿ ಅಡುಗೆ ಕಲಿತು ಬರುವುದೆಂದು ಅವಳೇ ಬುಕ್ ಮಾಡಿದಳು. ಇಷ್ಟು ವರ್ಷ ಊರವರಿಗೆಲ್ಲ ಬೇಯಿಸಿ ಹಾಕಿದ ಅಮ್ಮ ಒಂದು ವಾರ ಬೇರೆಯವರ ಕೈಯ ಊಟ ಮಾಡಲಿ ಎಂದು. ಹಲವು ವರ್ಷ ದುಡಿದವರಿಗೆ ಸಿಗುವ ಲಾಂಗ್ ಸರ್ವಿಸ್ ಲೀವ್ ಕುಸುಮಾವತಿಯವರದ್ದು ಹಾಗೇ ಬಿದ್ದಿತ್ತು. ತಪ್ಪಿಸಿಕೊಳ್ಳಲು ನೆಪವೇ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಪೆರಿಗೋರ್ ಎಂಬುದು ನೈರುತ್ಯ ಫ್ರಾನ್ಸಿನ ಹಳ್ಳಿಸೀಮೆ. ಅಲ್ಲಿ ಒಡೀಲ್ ಎಂಬ ಎಪ್ಪತ್ತರ ಹೆಂಗಸು ತನ್ನ ಹಳೆಯ ಕಲ್ಲಿನ ಮನೆಯಲ್ಲಿ ವಾರಕ್ಕೆ ಆರು ಜನರಿಗೆ ಅಡುಗೆ ಕಲಿಸುತ್ತಿದ್ದಳು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ವ್ಯಾನಿನಲ್ಲಿ ಊರು ಸುತ್ತುವುದು. ಇವರಿಬ್ಬರನ್ನು ಬಿಟ್ಟರೆ ಕೆನಡಾದ ಒಂದು ಜೋಡಿ, ಹಾಲೆಂಡಿನ ಇಬ್ಬರು ಗೆಳತಿಯರು. ಒಡೀಲ್‌ಳ ಇಂಗ್ಲಿಷೂ ಕುಸುಮಾವತಿಯವರ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಇಬ್ಬರಿಗೂ ಮೊದಲ ದಿನವೇ ಚೆನ್ನಾಗಿ ಹೊಂದಿತು.

ಸೋಮವಾರ ಸಂತೆ. ಜೇನುಬಣ್ಣದ ಕಲ್ಲಿನ ಮನೆಗಳ ನಡುವೆ ಇಕ್ಕಟ್ಟಾದ ಬೀದಿಗಳಲ್ಲಿ ಮೇಕೆಹಾಲಿನ ಚೀಸು, ಸ್ಟ್ರಾಬೆರಿ, ಬಾತುಕೋಳಿ, ಗೋಣಿಗಟ್ಟಲೆ ಅಕ್ರೋಟು. ಪ್ರತಿ ಅಂಗಡಿಯವನೂ ಒಂದು ಚೂರು ಕೈಗಿಟ್ಟು ಮುಖ ನೋಡುತ್ತಾನೆ. ಎರಡು ವರ್ಷಗಳಲ್ಲಿ ಕುಸುಮಾವತಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಮೊದಲು ಬೇರೆಯವರು ಬಾಯಿಗಿಡಲಿ, ಅವರ ಹುಬ್ಬು ಮೇಲೆ ಹೋದರೆ ತಾವೂ ಹುಬ್ಬು ಏರಿಸುವುದು, ಅವರು ಮುಖ ಕಿವುಚಿದರೆ ತಾವೂ ಕಿವುಚುವುದು. ಈ ವಿದ್ಯೆಯಲ್ಲಿ ಅವರು ಎಷ್ಟು ಪಳಗಿದ್ದರೆಂದರೆ, ಸಂತೆ ಮುಗಿಯುವಷ್ಟರಲ್ಲಿ ಕೆನಡಾದವರು ಈಕೆಗೆ ಚೀಸಿನ ಬಗ್ಗೆ ಬಹಳ ತಿಳಿದಿದೆ ಎಂದು ತೀರ್ಮಾನಿಸಿದ್ದರು.

ಮಂಗಳವಾರ ದೋರ್ದೋನ್ ನದಿಯಲ್ಲಿ ದೋಣಿ. ಎರಡೂ ದಡದಲ್ಲಿ ಬಂಡೆಗಳ ತುದಿಗೆ ಕೋಟೆಗಳು, ಒಂದನ್ನೊಂದು ದಿಟ್ಟಿಸುತ್ತ ಕೂತಿದ್ದವು. ಹಿಂದೆ ನೂರು ವರ್ಷ ಜಗಳವಾಡಿದವಂತೆ. "ನಮ್ಮಲ್ಲಿ ಅಣ್ಣತಮ್ಮಂದಿರ ಮನೆ ಇದ್ದ ಹಾಗೆ ಉಂಟು ಮಾರಾಯ್ತಿ" ಎಂದು ಕುಸುಮಾವತಿಯವರು ನಕ್ಕರು. ದೀಕ್ಷಿತಾ ಅಮ್ಮನ ಹೆಗಲಿಗೆ ತಲೆಯಿಟ್ಟು ಫೋಟೋ ತೆಗೆದಳು. ತಂಪು ಗಾಳಿ, ಮಗಳ ತಲೆಯ ಭಾರ, ಕೆಳಗೆ ಹಸಿರು ನೀರು. ಇಷ್ಟು ಸುಖವನ್ನು ಸುಳ್ಳಿನ ಮೇಲೆ ಕೂತು ಅನುಭವಿಸುತ್ತಿದ್ದೇನಲ್ಲ ಎಂದು ಅವರಿಗೆ ಅನಿಸಿತು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡರು. ಅಷ್ಟರಲ್ಲಿ ದೋಣಿ ದಡಕ್ಕೆ ಬಂತು.

ಬುಧವಾರ ಅಕ್ರೋಟಿನ ಎಣ್ಣೆಯ ಗಾಣಕ್ಕೆ ಹೋದರು. ಹಳ್ಳದ ನೀರಿನಿಂದ ತಿರುಗುವ ಕಲ್ಲು, ಅದರಡಿ ನುಗ್ಗಾಗುವ ಬೀಜ, ಪಕ್ಕದಲ್ಲಿ ಕಟ್ಟಿಗೆ ಒಲೆಯ ಮೇಲೆ ಅದನ್ನು ಬಿಸಿ ಮಾಡುವ ಕಬ್ಬಿಣದ ಬಾಣಲೆ. ಗಾಣದ ಮುದುಕ ಎರಡು ಪುಟ್ಟ ಬಟ್ಟಲುಗಳಲ್ಲಿ ಎಣ್ಣೆ ತಂದ. ಒಂದು ಅಂದೇ ತೆಗೆದದ್ದು, ಇನ್ನೊಂದು ಬೇಕೆಂದೇ ಬಿಸಿಲಿನಲ್ಲಿಟ್ಟು ಕೆಡಿಸಿದ್ದು. ಯಾವುದು ಯಾವುದೆಂದು ಹೇಳದೆ ಮೂಸಲು ಕೊಡುವುದು, ಬಂದವರು ಮುಖ ಹಿಂಡುವುದನ್ನು ನೋಡಿ ನಗುವುದು ಅವನ ದಿನನಿತ್ಯದ ತಮಾಷೆ. ಅವನು ಮರ್ಯಾದಸ್ಥ ಮನುಷ್ಯ. ಅತಿಥಿಗಳಲ್ಲಿ ಎಲ್ಲರಿಗಿಂತ ಹಿರಿಯರು ಯಾರೆಂದು ನೋಡಿ, ತಲೆಬಾಗಿ, ಮೊದಲ ಬಟ್ಟಲನ್ನು ಕುಸುಮಾವತಿಯವರ ಕೈಗೇ ಕೊಟ್ಟ.

ನೋಡಿ ನಕಲು ಮಾಡಲು ಅಲ್ಲಿ ಯಾರ ಮುಖವೂ ಇರಲಿಲ್ಲ. ಕುಸುಮಾವತಿಯವರು ಮೂಸಿದರು, ಬೆರಳದ್ದಿ ನಾಲಿಗೆಗೂ ಹಚ್ಚಿಕೊಂಡರು. ಆಮೇಲೆ ಹುಬ್ಬೇರಿಸಿ, "ವೆರಿ ಗುಡ್. ವೆರಿ ಫ್ರೆಶ್" ಎಂದರು.

ಬಟ್ಟಲು ಕೆನಡಾದವನ ಕೈಗೆ ಹೋಯಿತು. ಅವನು ಮೂಗಿನ ಹತ್ತಿರ ತಂದವನೇ ಕೆಮ್ಮಿದ. ಎಲ್ಲರೂ ಹೋ ಎಂದು ನಕ್ಕರು; ಗಾಣದ ಮುದುಕನಂತೂ ತನ್ನ ತಮಾಷೆಗೆ ಮಿಗಿಲಾದ ತಮಾಷೆ ಮಾಡಿದರೆಂದು ಕುಸುಮಾವತಿಯವರ ಕೈ ಕುಲುಕಿದ. ನಗದೆ ನಿಂತವಳು ದೀಕ್ಷಿತಾ ಒಬ್ಬಳೇ. ಟೂಂಗಾಬಿಯ ಅಂಗಡಿಗೆ ವಾಪಸು ಹೋದ ತೆಂಗಿನೆಣ್ಣೆ ಡಬ್ಬಿಗಳನ್ನು ಚಿಕ್ಕಂದಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದವಳು ಅವಳೇ.

ಗಾಣದ ಹಿಂದಿನ ಅಕ್ರೋಟು ತೋಪಿನಲ್ಲಿ ಒಂದು ಬೆಂಚಿತ್ತು. ಉಳಿದವರು ಎಣ್ಣೆ ಕೊಳ್ಳುತ್ತಿದ್ದಾಗ ಇಬ್ಬರೂ ಅಲ್ಲಿ ಕೂತರು.

"ಯಾವಾಗಿಂದ ಅಮ್ಮ?"

"ಎರಡು ವರ್ಷ ಆಯ್ತು."

"ಟೂ ಇಯರ್ಸ್! ನಾನು ನೋಟಿಸ್ ಕೊಡುವಾಗ್ಲೂ ನಿಂಗೆ ಗೊತ್ತಿತ್ತು. ಪ್ರತಾಪ್ ಬೇಡ ಬೇಡ ಅಂದಾಗ, ನಮ್ಮಮ್ಮನ ಟೇಸ್ಟ್ ಇದೆ ಸುಮ್ನಿರು ಅಂತ ಜಗಳ ಆಡಿದೀನಿ ನಾನು. ಯಾಕಮ್ಮ ಹೇಳ್ಲಿಲ್ಲ?"

ಕುಸುಮಾವತಿಯವರು ಸೆರಗಿಲ್ಲದ ಕುರ್ತಾದ ತುದಿಯನ್ನು ಬೆರಳಿಗೆ ಸುತ್ತಿದರು. "ಹೇಳಿದ್ರೆ ನೀನು ಅಂಗಡಿ ಬಿಡ್ತಿದ್ದಿ. ಹೇಳದಿದ್ರೆ ನಾನು ನಿನ್ನನ್ನು ಮುಳುಗಿಸ್ತಿದ್ದೆ. ಎಂತ ಮಾಡುದು ಅಂತ ಎಂಟು ತಿಂಗಳು ಕೂತೆ. ನನ್ನ ಅಡುಗೆ ಬೇಕು ಅಂತ ನೀನು ಕೇಳಿದ್ದು ಅದೇ ಮೊದಲು ಮಗಾ. ಅದು ತಪ್ಪಿಹೋಗ್ತದಲ್ಲ ಅಂತ ಹೆದರಿಕೆ ಆಯ್ತು."

ದೀಕ್ಷಿತಾ ಎದ್ದು ವ್ಯಾನಿನ ಕಡೆ ಹೋದಳು.

ಸಂಜೆ ಕುಸುಮಾವತಿಯವರು ತಾವಾಗಿಯೇ ಒಡೀಲ್‌ಳ ಬಳಿ ಹೋಗಿ ಮೂಗು ತೋರಿಸಿ, ಇದು ಸತ್ತಿದೆ, ಶುಕ್ರವಾರದ ಅಡುಗೆಗೆ ನನ್ನನ್ನು ಬಿಟ್ಟುಬಿಡಿ ಎಂದರು. ಶುಕ್ರವಾರವೆಂದರೆ ಕೊನೆಯ ದಿನ. ಅಂದು ಅತಿಥಿಗಳೇ ತಮ್ಮ ತಮ್ಮ ಊರಿನ ಅಡುಗೆ ಮಾಡಿ ಮನೆಯವರಿಗೆ ಬಡಿಸುವುದು ಆ ಮನೆಯ ಪದ್ಧತಿ. ಒಡೀಲ್ ಅವರ ಕೈಗಳನ್ನು ತೆಗೆದುಕೊಂಡು ತಿರುಗಿಸಿ, ಸುಟ್ಟ ಕಲೆಗಳನ್ನು, ಚಾಕುವಿನ ಗೆರೆಗಳನ್ನು ಒಂದೊಂದಾಗಿ ನೋಡಿದಳು. ನಂತರ ಬಿಡುವುದಿಲ್ಲ ಎಂದಳು, ಅಷ್ಟೇ. ಆ ಒಂದೇ ಮಾತಿಗೆ ಕುಸುಮಾವತಿಯವರು ಜೀವನಪೂರ್ತಿ ಋಣಿ.

ಗುರುವಾರ ಗುಹೆ. ಹದಿನೈದು ಸಾವಿರ ವರ್ಷದ ಹಿಂದಿನವರು ಬಂಡೆಯ ಮೇಲೆ ಬರೆದ ಕಾಡೆಮ್ಮೆ, ಕುದುರೆಗಳನ್ನು ಗೈಡು ಸಣ್ಣ ದೀಪ ಹಿಡಿದು ತೋರಿಸಿದಳು. ಕೊಬ್ಬಿನ ದೀಪದ ಮಿಣುಕು ಬೆಳಕಿನಲ್ಲಿ ಬರೆದವನಿಗೆ ಪೂರ್ತಿ ಎಮ್ಮೆ ಎಂದೂ ಕಂಡಿರಲಾರದು, ಬಂಡೆಯ ಉಬ್ಬುತಗ್ಗನ್ನು ಕೈಯಿಂದ ಸವರುತ್ತ ಬರೆದಿರಬೇಕು ಎಂದಳು. ಅಲ್ಲಿ ನೆಲ ಜಾರುತ್ತಿತ್ತು. ದೀಕ್ಷಿತಾ ಅಮ್ಮನ ತೋಳು ಹಿಡಿದುಕೊಂಡಳು. ಹೊರಗೆ ಬಂದಮೇಲೂ ಬಿಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, "ಹೋಗ್ಲಿ, ಇಷ್ಟು ದಿನ ಹೇಗೆ ಮ್ಯಾನೇಜ್ ಮಾಡಿದೆ? ದೀಪಾವಳಿಗೆ ಮಾಡಿದ ಗಸಿ ಚೆನ್ನಾಗೇ ಇತ್ತಲ್ಲ" ಎಂದು ಕೇಳಿದಳು.

ಆಗ ಕುಸುಮಾವತಿಯವರು ಅಗೆಲಿನ ವಿಷಯ ಹೇಳಿದರು. ಕರಾವಳಿಯ ಕಟಪಾಡಿಯ ತವರುಮನೆಯಲ್ಲಿ ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ಕೋಳಿ ಗಸಿ ಮಾಡಿ ಎಲೆಯಲ್ಲಿ ಬಡಿಸುತ್ತಾರೆ, ಅದೇ ಅಗೆಲು. ದೈವಕ್ಕೆ ಬಡಿಸುವ ಮುಂಚೆ ಆ ಅಡುಗೆ ನಾಲಿಗೆಗೂ ಸೋಕಬಾರದು, ಮೂಗಿಗೂ ಸೋಕಬಾರದು. ಮುಖ ಆಚೆ ತಿರುಗಿಸಿಯೇ ಹುರಿಯಬೇಕು. ಹನ್ನೆರಡನೆಯ ವಯಸ್ಸಿಗೆ ಅವರ ಅಮ್ಮ ಅದನ್ನು ಕಲಿಸಿದ್ದರು. ಕೊತ್ತಂಬರಿ ಬೀಜ ಹಸಿಯಿರುವಾಗ ಬಾಣಲೆಯಲ್ಲಿ ಸರಸರ ಎನ್ನುತ್ತದೆ, ಹದಕ್ಕೆ ಬಂದಾಗ ಕರಕರ ಎನ್ನುತ್ತದೆ. ಮೆಣಸು ಮೊದಲು ಬಾಗುತ್ತದೆ, ಆಮೇಲೆ ಮುರಿಯುತ್ತದೆ. ಉಪ್ಪು ಕೈಯ ಅಳತೆ.

"ಕಿವಿ ಉಂಟು, ಕಣ್ಣು ಉಂಟು, ಕೈ ಉಂಟು. ಆದ್ರೆ ಮೆಂತೆ ಒಂದು ಉಂಟಲ್ಲ, ಅದು ಮೋಸಗಾರ. ಹದಕ್ಕೂ ಕರಟುದಕ್ಕೂ ಮಧ್ಯ ಒಂದು ಉಸಿರಷ್ಟು ಹೊತ್ತು. ಅದು ಸದ್ದು ಮಾಡುದಿಲ್ಲ. ಅಗೆಲಿನ ದಿನ ಅಮ್ಮ ಅದನ್ನು ದೈವಕ್ಕೇ ಬಿಡ್ತಿದ್ರು. ದಿನಾ ದುಡ್ಡು ಕೊಟ್ಟು ತಿನ್ನುವವರಿಗೆ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಶುಕ್ರವಾರ ಬೆಳಿಗ್ಗೆ ಕುಸುಮಾವತಿಯವರು ಅಡುಗೆಮನೆಗೆ ಬರುವಷ್ಟರಲ್ಲಿ ದೀಕ್ಷಿತಾ ಅಕ್ಕಿ ನೆನೆಸಿಟ್ಟು, ಈ ದಿನಕ್ಕೆಂದೇ ತಂದಿದ್ದ ಸೂಟ್‌ಕೇಸಿನಲ್ಲಿನ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆಯ ಪೊಟ್ಟಣಗಳನ್ನು ಬಿಚ್ಚಿ ಸಾಲಾಗಿ ಇಟ್ಟಿದ್ದಳು. ಮೇಜಿನ ಮೇಲೆ ಒಡೀಲ್ ಒಂದು ಬಾತುಕೋಳಿ ಮಲಗಿಸಿಟ್ಟಿದ್ದಳು. ಕೋಳಿ ಗಸಿ ಅಂದು ಬಾತಿನ ಗಸಿಯಾಯಿತು.

ಕುಸುಮಾವತಿಯವರು ಬಾಣಲೆಯ ಮುಂದೆ ಕಿವಿಗೊಟ್ಟು ನಿಂತರು. ಕೊತ್ತಂಬರಿಯ ಸದ್ದು ತಿರುಗಿತು, ತೆಗೆದರು. ಮೆಣಸು ಮುರಿಯಿತು, ತೆಗೆದರು. ಮೆಂತೆ ಹಾಕಿ ಮಗಳ ಕಡೆ ನೋಡಿದರು. ದೀಕ್ಷಿತಾ ಹುಟ್ಟಿದಂದಿನಿಂದ ಮಸಾಲೆ ಹುರಿದವಳಲ್ಲ, ಪೊಟ್ಟಣದ ಪುಡಿಯವಳು. ಬಗ್ಗಿ, ಕಣ್ಣು ಮುಚ್ಚಿ, ಹೇಳುತ್ತ ಹೋದಳು. "ಇನ್ನೂ ಹಸಿ... ಹುಲ್ಲಿನ ತರ... ಈಗ ಸ್ವಲ್ಪ ಬಿಸ್ಕೆಟ್ ತರ... ವೇಟ್ ಅಮ್ಮ..." ಆಮೇಲೆ ಮಾತು ನಿಲ್ಲಿಸಿದಳು. ಒಮ್ಮೆಲೇ "ಈಗ!" ಎಂದು ಕೂಗಿ, ತಾನೇ ಬಾಣಲೆ ಎತ್ತಿ ಕೆಳಗಿಟ್ಟಳು. ಕಣ್ಣಲ್ಲಿ ನೀರಿತ್ತು. ಹೊಗೆ ಇರಬೇಕೆಂದು ಕುಸುಮಾವತಿಯವರು ಕಿಟಕಿ ತೆಗೆದರು.

ಕ್ರೇಪ್ ಎಂಬ ಫ್ರೆಂಚ್ ದೋಸೆ ಮಾಡುವ ಒಡೀಲ್‌ಳ ಕಾವಲಿಯಲ್ಲಿ ನೀರುದೋಸೆಗಳು ಊರಿನಲ್ಲೂ ಎದ್ದಿರದಷ್ಟು ತೆಳ್ಳಗೆ ಎದ್ದವು. ಊಟಕ್ಕೆ ಗಾಣದ ಮುದುಕನನ್ನೂ ಕರೆದಿದ್ದರು. ಅವನು ಮೂರು ಸಲ ಗಸಿ ಬಡಿಸಿಕೊಂಡ, ಕೊನೆಗೆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ತಿಂದ. ಎಲ್ಲರ ಬಾಯಿಗೂ ಕೆಲಸವಿತ್ತು. ಕುಸುಮಾವತಿಯವರು ಅಭ್ಯಾಸಬಲದಿಂದ ಪ್ರತಿ ಮುಖವನ್ನೂ ನೋಡಿದರು. ಈ ಸಲ ನಕಲು ಮಾಡುವುದಕ್ಕಲ್ಲ. ನೋಡಿ ನೋಡಿ ಅವರ ಹೊಟ್ಟೆ ತುಂಬಿತು. ದೇವರೇ, ಇಷ್ಟು ಸಾಕು ಎಂದು ಮನಸ್ಸಿನಲ್ಲೇ ಕೈಮುಗಿದರು.

ತಟ್ಟೆಗಳು ಒಳಗೆ ಹೋದಮೇಲೆ ದೀಕ್ಷಿತಾ ಫೋನು ತೆಗೆದು ಟಾರ್ನೀಟ್‌ನ ಏಜೆಂಟನಿಗೆ ಎರಡು ಸಾಲು ಬರೆದು ಅಮ್ಮನಿಗೆ ತೋರಿಸಿದಳು. ಸೋಮವಾರ ಹತ್ತು ಗಂಟೆಗೆ ಸಹಿ ಹಾಕಲು ಬರುತ್ತೇವೆ, ಇಬ್ಬರೂ, ಎಂದಿತ್ತು.

"ಯೋಚನೆ ಮಾಡು ಮಗಾ" ಎಂದರು ಕುಸುಮಾವತಿಯವರು.

"ಮಾಡಿದೆ. ಕೈ ನಿಂದು, ಮೂಗು ನಂದು. ಇನ್ಮೇಲೆ ಸುಳ್ಳು ಹೇಳಿದ್ರೆ ಮಾತ್ರ ಪಾರ್ಟ್‌ನರ್‌ಶಿಪ್ ಕ್ಯಾನ್ಸಲ್."

ನಾಲ್ಕು ತಿಂಗಳಿಗೆ ಟಾರ್ನೀಟ್‌ನಲ್ಲಿ ಅಂಗಡಿ ತೆರೆಯಿತು. ಕುಸುಮಾವತಿಯವರು ಕೆಲಸ ಬಿಡುವ ದಿನ ಮಲ್ಲವ್ವ ಅಪ್ಪಿಕೊಂಡು ಅತ್ತಳು, ಆಮೇಲೆ ರೂಢಿಯಂತೆ ಹಾಲು ಮೂಸಲು ಹೋದಳು. ಟೂಂಗಾಬಿಯ ಮನೆ ಬಾಡಿಗೆಗೆ ಕೊಟ್ಟು ಗಂಡ ಹೆಂಡತಿ ಇಬ್ಬರೂ ಮೆಲ್ಬರ್ನಿಗೆ ಬಂದರು. ಕಮಲಾಕ್ಷರು ಕೌಂಟರಿನಲ್ಲಿ ಕೂತು, ಏನು ಚೆನ್ನಾಗಿದೆ ಎಂದು ಕೇಳಿದವರಿಗೆಲ್ಲ "ಎಲ್ಲ ಚೆನ್ನಾಗುಂಟು" ಎನ್ನುತ್ತಿದ್ದರು. ಅದು ಅವರ ಮಟ್ಟಿಗೆ ನಿಜವೂ ಆಗಿತ್ತು.

ಮೊದಲ ದಿನ ಬೆಳಿಗ್ಗೆ ಮೆಂತೆ ಬಾಣಲೆಯಲ್ಲಿತ್ತು. ದೀಕ್ಷಿತಾ ಬಗ್ಗಿದಳು, ಸುಮ್ಮನಾದಳು, "ಈಗ" ಎಂದಳು. ಕುಸುಮಾವತಿಯವರು ಒಲೆ ಆರಿಸಿ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದರು. "ಅಲ್ಲ ದೀಕ್ಷಿ, ಫ್ರಾನ್ಸಿನಲ್ಲಿ ಕೂಡ ನೀನು ಸರೀ ಹೊತ್ತಿಗೇ ಹೇಳಿದ್ದಿ. ನಿನಗೆ ಯಾರೂ ಕಲಿಸ್ಲಿಲ್ಲ. ಹದ ಬಂತು ಅಂತ ಹೇಗೆ ಗೊತ್ತಾಗ್ತದೆ? ಎಂತ ವಾಸನೆ ಬರ್ತದೆ ಆಗ?"

ದೀಕ್ಷಿತಾ ಬಾಣಲೆಯನ್ನೇ ನೋಡುತ್ತ ಹೇಳಿದಳು. "ನಿಂದು."

"ಎಂತ?"

"ಸ್ಕೂಲ್ ಗೇಟ್ ಹತ್ರ ನಿಂತಿರ್ತಿದ್ಯಲ್ಲ, ಆಗ ನಿನ್ನ ಬಟ್ಟೆಯಿಂದ ಬರ್ತಿತ್ತು. ಆಮೇಲೆ ಬರ್ಲೇ ಇಲ್ಲ. ಬರೀ ನಿಂಬೆ ವಾಸನೆ. ನಾನೇ ಅಲ್ವಾ ಬೇಡ ಅಂದಿದ್ದು..." ಅವಳಿಗೆ ಮುಂದೆ ಆಗಲಿಲ್ಲ. "ಸಾರಿ ಅಮ್ಮ."

ಕುಸುಮಾವತಿಯವರು ಮಗಳ ಬೆನ್ನ ಮೇಲೆ ಕೈಯಿಟ್ಟು, ಮಸಾಲೆ ಆರುತ್ತದೆ, ರುಬ್ಬು ಎಂದರು.

ಮೂರು ಗಂಟೆಗೆ ಊಟದ ಗಿರಾಕಿಗಳು ಕರಗಿದರು. ಆದ್ಯಾಳನ್ನು ಶಾಲೆಯಿಂದ ಕರೆತರುವುದು ಅಜ್ಜಿಯ ಕೆಲಸ. ಕುಸುಮಾವತಿಯವರು ಕೈಗೆ ನಿಂಬೆ ಉಜ್ಜಲು ಸಿಂಕಿನ ಬಳಿ ಹೋಗಿ, ಚೀಲದಿಂದ ಒಗೆದ ಕುರ್ತಾ ಹೊರಗೆಳೆದರು. ದೀಕ್ಷಿತಾ ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮಡಿಸಿ, ಚೀಲದೊಳಗೆ ಇಟ್ಟಳು.

"ಹಾಗೇ ಹೋಗಮ್ಮ" ಎಂದಳು.

ಕುಸುಮಾವತಿಯವರು ಹಾಗೆಯೇ ಹೋದರು. ಬೀದಿಯಾಚೆ ನೆರಳಿತ್ತು, ಕೂರಲು ಬೆಂಚೂ ಇತ್ತು. ಅವರು ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಶಾಲೆಯ ಗೇಟಿನ ಹತ್ತಿರ ಹೋಗಿ, ಉಳಿದ ಅಮ್ಮಂದಿರ ನಡುವೆ, ಎಲ್ಲರಿಗಿಂತ ಮುಂದೆ ನಿಂತುಕೊಂಡರು.